ರೋಲ್ ಬಾರ್: ಹಗುರ ಸ್ಪೋರ್ಟ್ಸ್ ಕಾರುಗಳಲ್ಲಿ ಆಯ್ಕೆ ಮತ್ತು ಬದಲಾವಣೆ

ರೋಲ್ ಬಾರ್ ಎಂದರೆ ಗಟ್ಟಿ ಚಾವಣಿಯಿಲ್ಲದ ಕಾರಿನಲ್ಲಿ ಸೀಟುಗಳ ಬೆನ್ನಿಗೆ ನಿಲ್ಲಿಸುವ ಉಕ್ಕಿನ ಕೊಳವೆಯ ಕಮಾನು. ಕಾರು ಮಗುಚಿದಾಗ ಅದರ ಭಾರವನ್ನು ಹೊತ್ತು, ಒಳಗಿರುವವರ ತಲೆಗೂ ನೆಲಕ್ಕೂ ನಡುವೆ ಜಾಗ ಉಳಿಸಿಕೊಡುವುದು ಇದರ ಕೆಲಸ. ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸಲು ಎಡಬಲ ಚಕ್ರಗಳ ನಡುವೆ ಜೋಡಿಸುವ ಆಂಟಿ-ರೋಲ್ ಬಾರ್ ಬೇರೆಯದೇ ಭಾಗ. ಬಿಡಿಭಾಗಗಳ ವ್ಯಾಪಾರದಲ್ಲಿ ಅದಕ್ಕೂ ಕೆಲವೊಮ್ಮೆ ರೋಲ್ ಬಾರ್ ಎಂದೇ ಹೇಳುವುದರಿಂದ ಕೊಳ್ಳುವವರು ಇದನ್ನು ಗಮನದಲ್ಲಿಡಬೇಕು. ಕಾರಿನ ಒಳಭಾಗವನ್ನು ಮುಂದಿನ ಗಾಜಿನ ಚೌಕಟ್ಟಿನವರೆಗೂ ಬಳಸಿಕೊಂಡು ಬರುವ ಕೊಳವೆಗಳ ಗೂಡಿಗೆ ರೋಲ್ ಕೇಜ್ ಎನ್ನುತ್ತಾರೆ. ಈ ಲೇಖನ ಮುಖ್ಯವಾಗಿ ಸೀಟಿನ ಹಿಂದಿನ ಕಮಾನನ್ನು ಕುರಿತದ್ದು. ಉದಾಹರಣೆಗೆ ಮಜ್ದಾ ಎಂಎಕ್ಸ್-5 ಕಾರನ್ನು ಹತ್ತಿರದಿಂದ ನೋಡಲಾಗಿದೆ. ಲೋಟಸ್ ಎಲಿಸ್ ಮತ್ತು ಕೇಟರ್‌ಹ್ಯಾಮ್ ಸೆವೆನ್ ಕಾರುಗಳ ಪ್ರಸ್ತಾಪವೂ ಇದೆ.

ಹಿನ್ನೆಲೆ

ರೇಸಿಂಗ್ ಕಾರುಗಳಲ್ಲಿ ಚಾಲಕನ ಬೆನ್ನ ಹಿಂದೆ ಕಮಾನು ನಿಲ್ಲಿಸುವ ರೂಢಿ ಎರಡನೆಯ ಮಹಾಯುದ್ಧದ ನಂತರ ನಿಧಾನವಾಗಿ ಬೇರೂರಿತು. ಫಾರ್ಮುಲಾ ಒನ್ ಸ್ಪರ್ಧೆಯಲ್ಲಿ 1961ರಿಂದ ರೋಲ್ ಬಾರ್ ಕಡ್ಡಾಯವಾಯಿತು. ಒಂದೂವರೆ ಲೀಟರ್ ಎಂಜಿನ್ ಮತ್ತು 450 ಕೆ.ಜಿ. ಕನಿಷ್ಠ ತೂಕದ ನಿಯಮ ಜಾರಿಗೆ ಬಂದದ್ದೂ ಅದೇ ವರ್ಷ. ಆ ಕಾಲದ ಚಿತ್ರಗಳನ್ನು ನೋಡಿದರೆ ಎಷ್ಟೋ ಕಾರುಗಳಲ್ಲಿ ಕಮಾನು ಚಾಲಕನ ಹೆಲ್ಮೆಟ್ಟಿಗಿಂತ ಕೆಳಗೇ ಇರುವುದು ಕಾಣುತ್ತದೆ. ನಿಯಮ ಬಂದ ಮಾತ್ರಕ್ಕೆ ರಕ್ಷಣೆ ಬರಲಿಲ್ಲ.

ರಸ್ತೆಯ ಕಾರುಗಳ ವಿಷಯದಲ್ಲಿ ಒತ್ತಡ ಬಂದದ್ದು ಅಮೆರಿಕದಿಂದ. ತೆರೆದ ಕಾರುಗಳನ್ನು ಸರ್ಕಾರ ನಿಷೇಧಿಸಬಹುದೆಂಬ ಅಂಜಿಕೆ 1970ರ ದಶಕದಲ್ಲಿ ತಯಾರಕರನ್ನು ಕಾಡಿತು. ಬ್ರಿಟನ್ನಿನ ಟ್ರಯಂಫ್ ಟಿಆರ್7 ಮೊದಲಿಗೆ ಮುಚ್ಚಿದ ಕಾರಾಗಿಯೇ ಹೊರಬಂದದ್ದು ಈ ಕಾರಣಕ್ಕೆ. ನಿಷೇಧ ಬರಲಿಲ್ಲ. ಚಾವಣಿಯ ಬಲ ಅಳೆಯುವ ಅಮೆರಿಕದ ನಿಯಮದಿಂದ ತೆರೆದ ಕಾರುಗಳಿಗೆ ವಿನಾಯಿತಿ ಸಿಕ್ಕಿತು. ಅದು ಇಂದಿಗೂ ಇದೆ. ಈ ಅಂಜಿಕೆಗೂ ಮೊದಲೇ ಪೋರ್ಷೆ 1965ರಲ್ಲಿ ಅಗಲವಾದ ಸ್ಥಿರ ಕಮಾನಿರುವ 911 ಟಾರ್ಗಾ ಮಾದರಿಯನ್ನು ತೋರಿಸಿತ್ತು. ಫೋಕ್ಸ್‌ವ್ಯಾಗನ್ ಗಾಲ್ಫ್‌ನ ತೆರೆದ ಮಾದರಿ 1979ರಲ್ಲಿ ನಡುವೆ ಕಮಾನು ಹೊತ್ತು ಬಂದಿತು. ಕಾರು ಮಗುಚುವ ಸೂಚನೆ ಸಿಕ್ಕೊಡನೆ ಸುಮಾರು 0.3 ಸೆಕೆಂಡಿನಲ್ಲಿ ತಾನೇ ಮೇಲೇಳುವ ಕಮಾನನ್ನು ಮರ್ಸಿಡಿಸ್ ತನ್ನ ಎಸ್ಎಲ್ ಕಾರಿನಲ್ಲಿ 1989ರಲ್ಲಿ ಅಳವಡಿಸಿತು.

ಎಂಎಕ್ಸ್-5 ಶಿಕಾಗೋ ಪ್ರದರ್ಶನದಲ್ಲಿ ಕಾಣಿಸಿಕೊಂಡದ್ದೂ 1989ರಲ್ಲೇ, ಫೆಬ್ರವರಿಯಲ್ಲಿ. ಟೊಶಿಹಿಕೊ ಹಿರಾಯ್ ಅವರ ನೇತೃತ್ವದಲ್ಲಿ ರೂಪುಗೊಂಡ, ಹಿರೋಶಿಮಾದಲ್ಲಿ ತಯಾರಾಗುವ ಈ ಎರಡು ಸೀಟಿನ ಕಾರಿನ ಮೊದಲ ಪೀಳಿಗೆ 1.6 ಲೀಟರ್ ಎಂಜಿನ್ನಿನೊಂದಿಗೆ ಒಂದು ಟನ್ನಿಗಿಂತ ಕಡಿಮೆ ತೂಗುತ್ತಿತ್ತು. ಅದರ ಬೆಲೆಯಲ್ಲೂ ತೂಕದಲ್ಲೂ ಮರ್ಸಿಡಿಸ್‌ನ ಯಂತ್ರಕ್ಕೆ ಜಾಗವಿರಲಿಲ್ಲ. ಮೊದಲೆರಡು ಪೀಳಿಗೆಯ ಕಾರುಗಳು ಸೀಟಿನ ಹಿಂದೆ ಯಾವ ಕಮಾನೂ ಇಲ್ಲದೆಯೇ ಮಾರಾಟವಾದವು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಎಂಎಕ್ಸ್-5 ತಯಾರಾಯಿತು. ಇಷ್ಟು ಜನರ ಕೈಗೆ ಹೋದ, ಇಷ್ಟು ಸುಲಭವಾಗಿ ರೇಸ್ ಟ್ರ್ಯಾಕಿಗೆ ಇಳಿಯಬಲ್ಲ ಕಾರಿಗೆ ಕಮಾನಿಲ್ಲದ್ದರಿಂದ ಹಾರ್ಡ್ ಡಾಗ್, ಬಾಸ್ ಫ್ರಾಗ್ ಮುಂತಾದ ಹೆಸರುಗಳಲ್ಲಿ ರೋಲ್ ಬಾರ್ ತಯಾರಿಕೆ ಅಮೆರಿಕದಲ್ಲಿ ಒಂದು ಸಣ್ಣ ಉದ್ಯಮವಾಗಿಯೇ ಬೆಳೆಯಿತು.

ಕಾರು ಮಗುಚುವ ಬಗೆ

ತಗ್ಗಾದ, ಅಗಲವಾದ ಸ್ಪೋರ್ಟ್ಸ್ ಕಾರು ಸಮತಟ್ಟಾದ ಡಾಂಬರಿನ ಮೇಲೆ ಬರೀ ತಿರುವಿನ ವೇಗಕ್ಕೆ ಮಗುಚುವುದು ಅಪರೂಪ. ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆ ಟೈರಿನ ಹಿಡಿತಕ್ಕಿಂತ ದೊಡ್ಡದಾಗಿದ್ದರೆ ಕಾರು ಮಗುಚುವ ಮೊದಲೇ ಜಾರುತ್ತದೆ. ಎಂಎಕ್ಸ್-5 ಇಂಥ ಕಾರು. ಅಪಾಯ ಇರುವುದು ಜಾರಿದ ಮೇಲೆ. ಅಡ್ಡವಾಗಿ ಸರಿಯುತ್ತಿರುವ ಚಕ್ರ ರಸ್ತೆಯಂಚಿನ ಕಲ್ಲಿಗೆ ತಾಗಿದರೆ, ಮೆತ್ತನೆಯ ಮಣ್ಣಿನಲ್ಲಿ ಹೂತರೆ, ಅಥವಾ ಜಲ್ಲಿ ಹಾಸಿನಲ್ಲಿ ಸಿಕ್ಕಿಕೊಂಡರೆ ಕಾರು ಎಡವಿ ಉರುಳುತ್ತದೆ. ಟ್ರ್ಯಾಕುಗಳಲ್ಲಿ ಕಾರಿನ ವೇಗ ತಗ್ಗಿಸಲೆಂದೇ ಹಾಕಿದ ಜಲ್ಲಿ ತೆರೆದ ಕಾರನ್ನು ಮಗುಚಿಸಲೂಬಹುದು.

ಆದ್ದರಿಂದ ಕಮಾನಿನ ಮೇಲೆ ಬೀಳುವ ಬಲ ನೆಟ್ಟಗೆ ಮೇಲಿನಿಂದ ಬರುವುದಿಲ್ಲ. ಮೊದಲು ಒಂದು ಮೂಲೆ ನೆಲಕ್ಕೆ ಬಡಿಯುತ್ತದೆ, ಪಕ್ಕಕ್ಕೆ ನೂಕುವ ಬಲ ಬೀಳುತ್ತದೆ. ಕಾರು ಇನ್ನೂ ಮುಂದಕ್ಕೆ ಸರಿಯುತ್ತಿದ್ದರೆ ಕಮಾನನ್ನು ಹಿಂದಕ್ಕೆ ಮಡಿಸುವ ಬಲವೂ ಸೇರುತ್ತದೆ. ಬರೀ ಕಮಾನೊಂದು ಇದ್ದರೆ ಅದು ಪಕ್ಕಕ್ಕೆ ವಾಲುತ್ತದೆ, ಇಲ್ಲವೆ ಹಿಂದಕ್ಕೆ ಮಲಗುತ್ತದೆ. ಪಕ್ಕದ ವಾಲಿಕೆಯನ್ನು ತಡೆಯಲು ಕಮಾನಿನೊಳಗೆ ಒಂದು ಓರೆ ಕೊಳವೆ, ಹಿಂದಕ್ಕೆ ಮಲಗದಂತೆ ತಡೆಯಲು ಎರಡು ಹಿಂದಿನ ಆಸರೆ ಕೊಳವೆಗಳು ಬೇಕು. ಈ ಆಸರೆಗಳು ನೇರವಾಗಿರಬೇಕು, ಲಂಬರೇಖೆಯಿಂದ ಕನಿಷ್ಠ 30 ಡಿಗ್ರಿ ಹಿಂದಕ್ಕೆ ಚಾಚಿರಬೇಕು ಎಂದು ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವಾದ ಎಫ್ಐಎ ತನ್ನ ಅನುಬಂಧ ಜೆಯ 253ನೆಯ ವಿಧಿಯಲ್ಲಿ ಹೇಳಿದೆ. ಮುಂದಿನ ಗಾಜಿನ ಚೌಕಟ್ಟು ಇನ್ನೊಂದು ಆಧಾರ ಬಿಂದುವಾಗುತ್ತದೆಂದು ಕೆಲವರು ನಂಬುತ್ತಾರೆ. ಹಳೆಯ ತೆರೆದ ಕಾರುಗಳ ಆ ಚೌಕಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಅಂಗಡಿಗಳಲ್ಲಿ ಸ್ಟೈಲ್ ಬಾರ್ ಎಂಬ ಹೆಸರಿನಲ್ಲಿ ಹೊಳಪು ಕೊಟ್ಟ ಕಮಾನುಗಳೂ ಸಿಗುತ್ತವೆ. ಸೀಟ್ ಬೆಲ್ಟಿನ ಗೂಟಕ್ಕೆ ಒಂದೆರಡು ಬೋಲ್ಟುಗಳಲ್ಲಿ ನಿಲ್ಲುವ, ಹಿಂದಿನ ಆಸರೆಯೇ ಇಲ್ಲದ ಇವು ಅಲಂಕಾರದ ಸಾಮಾನುಗಳು. ದೂರದಿಂದ ನೋಡಿದರೆ ನಿಜವಾದ ರೋಲ್ ಬಾರಿಗೂ ಇವಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದೇ ಇವುಗಳ ಅಪಾಯ. ಇಂಥದ್ದು ಹಾಕಿರುವ ಕಾರನ್ನು ಕೊಂಡವರು ತಮಗೆ ರಕ್ಷಣೆ ಇದೆಯೆಂದು ತಿಳಿದು ಟ್ರ್ಯಾಕಿಗೆ ಹೋಗುತ್ತಾರೆ.

ಕೊಳವೆ, ಲೋಹ, ಬೆಸುಗೆ

ಎಫ್ಐಎ ನಿಯಮದ ಪ್ರಕಾರ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ ಮತ್ತು 2.5 ಮಿ.ಮೀ. ದಪ್ಪದ, ಇಲ್ಲವೆ 50 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ದಪ್ಪದ ಕೊಳವೆ ಬೇಕು. ಉಳಿದ ಭಾಗಗಳಿಗೆ 38 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ ಸಾಕು. ಕೊಳವೆ ತಣ್ಣಗೆ ಎಳೆದು ಮಾಡಿದ, ಉದ್ದಕ್ಕೆ ಬೆಸುಗೆಯಿಲ್ಲದ ಇಂಗಾಲದ ಉಕ್ಕಿನದಾಗಿರಬೇಕು, ಅದರ ಎಳೆತದ ಬಲ ಚದರ ಮಿಲಿಮೀಟರಿಗೆ ಕನಿಷ್ಠ 350 ನ್ಯೂಟನ್ ಇರಬೇಕು. ಅಮೆರಿಕದ ಹಗುರ ಕಾರುಗಳ ಕಮಾನುಗಳಲ್ಲಿ ಒಂದೂವರೆಯಿಂದ ಒಂದೂಮುಕ್ಕಾಲು ಇಂಚು ವ್ಯಾಸದ ಕೊಳವೆ ಸಾಮಾನ್ಯ.

ಸಣ್ಣ ಕೊಳವೆಗೂ ದೊಡ್ಡದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಅಲ್ಪವಾಗಿ ತೋರುತ್ತದೆ. ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಸಿಗುತ್ತದೆ. ದಪ್ಪ 2.5 ಮಿ.ಮೀ. ಇರುವ ಉಕ್ಕಿನ ಕೊಳವೆ 38 ಮಿ.ಮೀ. ವ್ಯಾಸದ್ದಾದರೆ ಮೀಟರಿಗೆ ಸುಮಾರು 2.2 ಕೆ.ಜಿ., 45 ಮಿ.ಮೀ.ನದಾದರೆ ಸುಮಾರು 2.6 ಕೆ.ಜಿ. ತೂಗುತ್ತದೆ. ತೂಕ ಹೆಚ್ಚುವುದು ಶೇ. 20ರಷ್ಟು ಮಾತ್ರ. ಬಾಗುವಿಕೆಗೆ ಒಡ್ಡುವ ಬಿಗಿತ ಶೇ. 70ರಷ್ಟು, ಬಾಗಿ ಸೋಲುವ ಮೊದಲು ತಡೆಯುವ ಬಲ ಶೇ. 45ರಷ್ಟು ಏರುತ್ತವೆ. ಮುಖ್ಯ ಕಮಾನಿನಲ್ಲಿ ಎರಡೂವರೆ ಮೀಟರ್ ಕೊಳವೆ ಇದೆಯೆಂದರೆ ಈ ಲಾಭಕ್ಕೆ ತೆರುವ ತೂಕ ಒಂದು ಕಿಲೋ ಚಿಲ್ಲರೆ. ಕಾರಿನ ತೂಕ ಗ್ರಾಂ ಲೆಕ್ಕದಲ್ಲಿ ಇಳಿಸಲು ಹೆಣಗುವವರೂ ಈ ಒಂದು ಕಿಲೋಗೆ ಅಳುಕಬಾರದು.

ಕ್ರೋಮ್-ಮಾಲಿಬ್ಡಿನಮ್ ಉಕ್ಕು ಹೆಚ್ಚು ಬಲವುಳ್ಳದ್ದು, ತೆಳುವಾದ ಕೊಳವೆಯಲ್ಲಿ ಅದೇ ಬಲ ಸಿಗುತ್ತದೆ. ಆದರೆ ಬೆಸುಗೆಯ ಶಾಖಕ್ಕೆ ಕೀಲಿನ ಪಕ್ಕದ ಲೋಹ ಪೆಡಸಾಗಬಹುದು. ಅದನ್ನು ಬೆಸೆಯಲು ಪಳಗಿದ ಕೈ ಬೇಕು. ಬ್ರಿಟನ್ನಿನಲ್ಲಿ ಬಳಸುವ ಟಿ45 ಎಂಬ ಇಂಗಾಲ-ಮ್ಯಾಂಗನೀಸ್ ಉಕ್ಕು ಇದಕ್ಕಿಂತ ಸೌಮ್ಯ. ರಸ್ತೆಗೂ ಆಗೊಮ್ಮೆ ಈಗೊಮ್ಮೆ ಟ್ರ್ಯಾಕಿಗೂ ಬಳಸುವ ಕಾರಿಗೆ ಸಾಮಾನ್ಯ ಇಂಗಾಲದ ಉಕ್ಕೇ ಸರಿಯಾದ ಆಯ್ಕೆ: ಅದು ಮುರಿಯುವ ಮೊದಲು ಬಾಗುತ್ತದೆ, ಬಾಗುತ್ತಾ ಪೆಟ್ಟಿನ ಶಕ್ತಿಯನ್ನು ನುಂಗುತ್ತದೆ. ಕೊಳ್ಳುವ ಮೊದಲು ಬಾಗಿದ ಮೂಲೆಗಳನ್ನು ಕೈಯಿಂದ ಸವರಿ ನೋಡಬೇಕು. ಸರಿಯಾದ ಬೆಂಡಿಂಗ್ ಯಂತ್ರದಲ್ಲಿ ಬಾಗಿದ ಕೊಳವೆಯ ಒಳಮಗ್ಗುಲಲ್ಲಿ ಸುಕ್ಕು ಇರುವುದಿಲ್ಲ, ಅಡ್ಡಕೊಯ್ತ ಚಪ್ಪಟೆಯಾಗಿರುವುದಿಲ್ಲ. ಬೆಸುಗೆ ಕೊಳವೆಯ ಸುತ್ತ ಪೂರ್ತಿ ಬಂದಿರಬೇಕು. ಕೈ ಹೋಗದ ಹಿಂಬದಿಯಲ್ಲಿ ಬಿಟ್ಟಿರುವುದು ಅಗ್ಗದ ಕಮಾನುಗಳಲ್ಲಿ ಆಗಾಗ ಕಾಣುವ ದೋಷ.

ಎತ್ತರ

ಕಮಾನು ಆರಿಸುವಾಗ ಮೊದಲು ಅಳೆಯಬೇಕಾದದ್ದು ಕಾರನ್ನಲ್ಲ, ಕೂತ ಮನುಷ್ಯನನ್ನು. ಚಾಲಕ ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು, ಓಡಿಸುವ ಭಂಗಿಯಲ್ಲೇ ಕೂರಬೇಕು. ಕಮಾನಿನ ನೆತ್ತಿಯಿಂದ ಮುಂದಿನ ಗಾಜಿನ ಚೌಕಟ್ಟಿನ ಮೇಲಂಚಿಗೆ ಒಂದು ನೇರ ಕೋಲನ್ನು ಇಟ್ಟಾಗ ಹೆಲ್ಮೆಟ್ ಅದಕ್ಕೆ ತಾಗಬಾರದು. ಟ್ರ್ಯಾಕಿನ ಬಾಗಿಲಲ್ಲಿ ತೆರೆದ ಕಾರುಗಳನ್ನು ತಪಾಸಣೆ ಮಾಡುವವರು ಪೊರಕೆ ಹಿಡಿಯಷ್ಟೇ ಸರಳವಾದ ಈ ಕೋಲಿನ ಪರೀಕ್ಷೆಯನ್ನು ನಂಬುತ್ತಾರೆ. ರೇಸಿನಲ್ಲಿ ಹೆಲ್ಮೆಟ್ಟಿನ ಮೇಲೆ ಎರಡು ಇಂಚು ಜಾಗ ಇರಬೇಕೆನ್ನುವ ನಿಯಮವೂ ಉಂಟು.

ಹಳೆಯ ಎಂಎಕ್ಸ್-5 ಕಾರುಗಳ ಒಟ್ಟು ಎತ್ತರವೇ ಸುಮಾರು 1.23 ಮೀಟರ್. ಆರಡಿ ಎತ್ತರದವರು ಕೂತರೆ ತಲೆ ಗಾಜಿನ ಚೌಕಟ್ಟಿಗಿಂತ ಮೇಲೇಳುತ್ತದೆ. ಬಟ್ಟೆಯ ಚಾವಣಿ ಮುಚ್ಚುವಂತೆ ಮಾಡಿದ ಕಮಾನು ಅದರ ಅಡಿಯಲ್ಲೇ ಅಡಗಬೇಕಾದ್ದರಿಂದ ಇನ್ನೂ ಎತ್ತರ ಹೋಗಲು ಬರುವುದಿಲ್ಲ. ಆಗ ಇರುವ ದಾರಿ ಎರಡು: ಚಾವಣಿಯ ಆಸೆ ಬಿಟ್ಟು ಎತ್ತರದ ಕಮಾನು ಹಾಕಿಸುವುದು, ಅಥವಾ ಸೀಟನ್ನು ಇಳಿಸುವುದು. ಮೂಲ ಸೀಟಿನ ಫೋಮನ್ನು ಕೊಯ್ದು ತೆಗೆದರೆ ಕೆಲವು ಸೆಂಟಿಮೀಟರ್ ಸಿಗುತ್ತದೆ. ನೆಲಕ್ಕೆ ಅಂಟಿದಂತೆ ಕೂರುವ ತೆಳುವಾದ ಬಕೆಟ್ ಸೀಟು ಇನ್ನಷ್ಟು ಕೊಡುತ್ತದೆ. ಎತ್ತರದ ಚಾಲಕನಿಗೆ ಒಳ್ಳೆಯ ಸೀಟು ರೋಲ್ ಬಾರಿನಷ್ಟೇ ಮುಖ್ಯವಾದ ಖರೀದಿ. ಎರಡನ್ನೂ ಒಟ್ಟಿಗೆ ಲೆಕ್ಕ ಹಾಕದೆ ಒಂದನ್ನು ಮೊದಲು ಕೊಂಡವರು ಸಾಮಾನ್ಯವಾಗಿ ಎರಡು ಸಲ ದುಡ್ಡು ಕೊಡುತ್ತಾರೆ.

ರಸ್ತೆಯಲ್ಲಿ ತಲೆಯ ಪ್ರಶ್ನೆ

ಹೆಲ್ಮೆಟ್ ಇಲ್ಲದ ತಲೆಗೆ ಉಕ್ಕಿನ ಕೊಳವೆ ಶತ್ರು. ಹಿಂದಿನಿಂದ ಇನ್ನೊಂದು ವಾಹನ ಗುದ್ದಿದಾಗ ಸೀಟಿನ ಬೆನ್ನು ಹಿಂದಕ್ಕೆ ಬಾಗುತ್ತದೆ, ತಲೆ ಮೇಲಕ್ಕೂ ಹಿಂದಕ್ಕೂ ಹೋಗುತ್ತದೆ. ಕಮಾನು ಅಲ್ಲೇ ಹತ್ತಿರದಲ್ಲಿದ್ದರೆ, ಮಗುಚಿದಾಗ ಕಾಪಾಡಬೇಕಾದ ವಸ್ತುವೇ ಸಾಮಾನ್ಯ ಅಪಘಾತದಲ್ಲಿ ತಲೆಯೊಡೆಯಬಹುದು. ರಸ್ತೆಯಲ್ಲಿ ಮಗುಚುವುದಕ್ಕಿಂತ ಹಿಂದಿನಿಂದ ಗುದ್ದಿಸಿಕೊಳ್ಳುವುದು ಎಷ್ಟೋ ಹೆಚ್ಚು ಸಾಮಾನ್ಯ. ಹೀಗಾಗಿ ರಸ್ತೆಗೆ ಮಾತ್ರ ಬಳಸುವವರು ತಲೆಗೂ ಕಮಾನಿಗೂ ನಡುವಿನ ದೂರವನ್ನು ಎತ್ತರಕ್ಕಿಂತ ಮುಖ್ಯವಾಗಿ ನೋಡಬೇಕು. ತಲೆಯ ಮುಂದೆಯೂ ಪಕ್ಕದಲ್ಲೂ ಕೊಳವೆಗಳಿರುವ ಪೂರ್ಣ ಕೇಜ್ ರಸ್ತೆಯ ಕಾರಿಗೆ ತಕ್ಕದ್ದಲ್ಲ. ಎಂಎಕ್ಸ್-5 ಕಾರುಗಳಿಗೆಂದೇ ಇರುವ ಅಮೆರಿಕದ ಸ್ಪೆಕ್ ಮಿಯಾಟಾ ರೇಸ್ ವರ್ಗದಲ್ಲಿ ಕೇಜ್ ಕಡ್ಡಾಯ, ಆದರೆ ಅಲ್ಲಿ ಹೆಲ್ಮೆಟ್, ಹಾರ್ನೆಸ್, ಗಟ್ಟಿ ಸೀಟು ಕೂಡ ಕಡ್ಡಾಯ.

ಕೊಳವೆಗೆ ಸುತ್ತುವ ಪ್ಯಾಡಿಂಗ್‌ನಲ್ಲಿ ಎರಡು ಬಗೆ. ನೀರಿನ ಪೈಪಿಗೆ ಸುತ್ತುವಂಥ ಮೆತ್ತನೆಯ ಫೋಮ್ ಬೆರಳಲ್ಲಿ ಒತ್ತಿದರೆ ಒಳಗಿನ ಉಕ್ಕು ಕೈಗೆ ಸಿಗುತ್ತದೆ. ಪೆಟ್ಟಿನಲ್ಲಿ ಅದರಿಂದ ಪ್ರಯೋಜನವಿಲ್ಲ. ಎಫ್ಐಎ 8857-2001 ಅಥವಾ ಎಸ್ಎಫ್ಐ 45.1 ಮಾನದಂಡದ ಪ್ಯಾಡಿಂಗ್ ಮುಟ್ಟಿದರೆ ಗಡುಸಾಗಿರುತ್ತದೆ, ಹೆಲ್ಮೆಟ್ ತಾಗುವ ಜಾಗಗಳಿಗೆಂದು ಮಾಡಿದ್ದು. ಬರಿದಲೆಗೆ ಅದೂ ಪೂರ್ತಿ ಉತ್ತರವಲ್ಲ.

ಹಾರ್ನೆಸ್ ವಿಚಾರವೂ ಇದಕ್ಕೆ ಹೊಂದಿಕೊಂಡಿದೆ. ಮೂಲದ ಮೂರು ಬಿಂದುಗಳ ಬೆಲ್ಟಿನಲ್ಲಿ ದೇಹ ಸ್ವಲ್ಪ ಪಕ್ಕಕ್ಕೆ ವಾಲಬಲ್ಲದು. ಐದು ಅಥವಾ ಆರು ಬಿಂದುಗಳ ಹಾರ್ನೆಸ್ ಮೈಯನ್ನು ನೆಟ್ಟಗೆ ಕಟ್ಟಿಹಾಕುತ್ತದೆ. ರೋಲ್ ಬಾರಿಲ್ಲದ ಕಾರಿನಲ್ಲಿ ಹಾಗೆ ಕಟ್ಟಿಕೊಂಡರೆ ನೆಲಕ್ಕೆ ಮೊದಲು ಸಿಗುವುದು ತಲೆ. ಹಾರ್ನೆಸ್ ಬೇಕೆನ್ನುವವರು ಭುಜದ ಪಟ್ಟಿ ಸುತ್ತಲು ಅಡ್ಡ ಕೊಳವೆಯಿರುವ ಕಮಾನನ್ನೇ ಆರಿಸಬೇಕು. ಭುಜದಿಂದ ಹಿಂದಕ್ಕೆ ಹೋಗುವ ಪಟ್ಟಿ ಕೆಳಮುಖವಾಗಿ 10 ಡಿಗ್ರಿಗಿಂತ ಹೆಚ್ಚು ಇಳಿಯದಿರುವುದು ಒಳ್ಳೆಯದು, 45 ಡಿಗ್ರಿ ಮೀರಲೇಬಾರದು ಎಂಬುದು ಎಫ್ಐಎ ಸೂಚನೆ. ಹೆಚ್ಚು ಇಳಿದರೆ ಪೆಟ್ಟಿನಲ್ಲಿ ಪಟ್ಟಿ ಬೆನ್ನೆಲುಬನ್ನು ಕೆಳಕ್ಕೆ ಅದುಮುತ್ತದೆ.

ಎಂಎಕ್ಸ್-5ರಲ್ಲಿ ಅಳವಡಿಕೆ ಮತ್ತು ಬದಲಾವಣೆ

ಮೊದಲೆರಡು ಪೀಳಿಗೆಯ ಕಾರುಗಳಲ್ಲಿ ಸೀಟುಗಳ ಹಿಂದೆ ಜಮಖಾನೆ ಹೊದೆಸಿದ ಒಂದು ಹಲಗೆಯಂಥ ಜಾಗ, ಅದರ ಎರಡು ಕೊನೆಗಳಲ್ಲಿ ಸೀಟ್ ಬೆಲ್ಟಿನ ಗೂಟಗಳು. ಕೆಲಸ ಶುರುವಾಗುವುದು ಇವನ್ನೆಲ್ಲ ಬಿಚ್ಚುವುದರಿಂದ: ಸೀಟು, ಪಕ್ಕದ ಪ್ಲಾಸ್ಟಿಕ್ ಹೊದಿಕೆ, ಜಮಖಾನೆ, ಬೆಲ್ಟಿನ ಸುರುಳಿ ಪೆಟ್ಟಿಗೆ. ಬಟ್ಟೆಯ ಚಾವಣಿಯ ಚೌಕಟ್ಟನ್ನು ಸಡಿಲಿಸಿ ಹಿಂದಕ್ಕೆ ಸರಿಸಿಕೊಂಡರೆ ಕೈಗೆ ಜಾಗ ಸಿಗುತ್ತದೆ. ಬ್ಯಾಟರಿಯ ಸಂಪರ್ಕ ಮೊದಲೇ ತೆಗೆದಿರಬೇಕು. ನಂತರ ಕಮಾನನ್ನು ಒಳಗಿಳಿಸಿ, ಎರಡೂ ಕಡೆ ಸಮನಾಗಿದೆಯೇ, ಚಾವಣಿ ಮುಚ್ಚಿದಾಗ ಬಟ್ಟೆಗೆ ಉಜ್ಜುವುದಿಲ್ಲವೇ ಎಂದು ನೋಡಿಕೊಂಡು ತೂತಿನ ಜಾಗ ಗುರುತು ಹಾಕುತ್ತಾರೆ. ಅಷ್ಟಾದ ಮೇಲೆ ಕಮಾನನ್ನು ಹೊರತೆಗೆದು ಕೊರೆಯುವುದೇ ಸುರಕ್ಷಿತ ಕ್ರಮ.

ಕೊರೆಯುವಾಗಿನ ಎಚ್ಚರ ಪೆಟ್ರೋಲಿನದು. ಈ ಕಾರಿನ ಟ್ಯಾಂಕು ಡಿಕ್ಕಿಯ ಅಡಿಯಲ್ಲಿಲ್ಲ. ಸೀಟಿನ ಹಿಂದಿನ ತಗಡಿನ ಗೋಡೆಯ ಆಚೆ, ಹಿಂದಿನ ಆ್ಯಕ್ಸಲಿನ ಮೇಲಿದೆ. ಪೆಟ್ರೋಲ್ ತುಂಬುವ ಬಾಯಿ ಎಡಗಡೆ, ಅದರ ಕೊಳವೆಯೂ ಆ ಮಗ್ಗುಲಲ್ಲೇ ಇಳಿಯುತ್ತದೆ. ಡ್ರಿಲ್ ತುದಿಗೆ ತಡೆ ತೊಡಿಸಿ, ತಗಡು ದಾಟಿದೊಡನೆ ನಿಲ್ಲುವಂತೆ ಮಾಡಿಕೊಳ್ಳಬೇಕು. ಕೊರೆದ ತೂತಿನ ಅಂಚನ್ನು ಉಜ್ಜಿ, ಪ್ರೈಮರ್ ಮತ್ತು ಬಣ್ಣ ಬಳಿದ ಮೇಲೆಯೇ ಬೋಲ್ಟು ಹಾಕಬೇಕು. ಇದನ್ನು ಬಿಟ್ಟವರ ಕಾರಿನಲ್ಲಿ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ತೂತಿನ ಸುತ್ತ ತುಕ್ಕು ಹಬ್ಬಿರುತ್ತದೆ. ತುಕ್ಕು ಹಿಡಿದ ತಗಡಿನ ಮೇಲೆ ನಿಂತ ಕಮಾನು ಎಷ್ಟೇ ದಪ್ಪವಿದ್ದರೂ ಅಷ್ಟೆ.

ಬುಡದ ವಿಷಯವನ್ನು ಹೆಚ್ಚು ಜನ ಕಡೆಗಣಿಸುತ್ತಾರೆ. ಕಾರಿನ ಮೈ ತಗಡು ಒಂದು ಮಿಲಿಮೀಟರಿನ ಆಸುಪಾಸು. ಟನ್ನುಗಟ್ಟಲೆ ಬಲ ಒಂದು ಕೊಳವೆಯ ತುದಿಯಲ್ಲಿ ಬಿದ್ದರೆ ಅದು ತಗಡನ್ನು ಹರಿದು ಒಳಗಿಳಿಯುತ್ತದೆ. ಎಫ್ಐಎಯಿಂದ ಮಾನ್ಯತೆ ಪಡೆಯುವ ಕಮಾನುಗಳ ಪರೀಕ್ಷೆಯಲ್ಲಿ ಕಾರಿನ ತೂಕಕ್ಕೆ 150 ಕೆ.ಜಿ. ಸೇರಿಸಿ ಅದರ ಏಳೂವರೆ ಪಟ್ಟು ಭಾರ ಹೇರುತ್ತಾರೆ. ಒಂದು ಟನ್ ಕಾರಿಗೆ ಅದು ಎಂಟೂವರೆ ಟನ್ ದಾಟುತ್ತದೆ. ಅದಕ್ಕಾಗಿಯೇ ಮುಖ್ಯ ಕಮಾನಿನ ಪ್ರತಿ ಬುಡಕ್ಕೂ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂಟಿಮೀಟರ್ ವಿಸ್ತಾರದ ಬಲವರ್ಧಕ ಪ್ಲೇಟು, 8.8 ದರ್ಜೆಯ 8 ಮಿ.ಮೀ. ಬೋಲ್ಟುಗಳು ಮೂರಾದರೂ ಇರಬೇಕೆಂಬ ನಿಯಮ. ಎಂಎಕ್ಸ್-5ರಲ್ಲಿ ಕೆಲವು ಬೋಲ್ಟುಗಳು ಕಾರಿನ ಅಡಿಗೂ ಕೆಲವು ಹಿಂಚಕ್ರದ ಗೂಡಿನೊಳಕ್ಕೂ ಬರುತ್ತವೆ. ಪ್ಲೇಟು ತಗಡಿಗೆ ಪೂರ್ತಿ ಕಚ್ಚಿ ಕೂರದಿದ್ದರೆ ಬರೀ ಬೋಲ್ಟು ಬಿಗಿದು ಪ್ರಯೋಜನವಿಲ್ಲ. ಬಿಗಿಯುವಾಗ ಟಾರ್ಕ್ ರೆಂಚ್ ಬಳಸಬೇಕು, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ನೋಡಬೇಕು. ತಗಡು ಕೂತುಕೊಂಡು ಬೋಲ್ಟು ಸಡಿಲವಾಗುವುದು ಸಹಜ.

ಹಿಂದಿನ ಕಿಟಕಿ ಯಾವುದೆಂಬುದೂ ಆಯ್ಕೆಯನ್ನು ನಿರ್ಧರಿಸುತ್ತದೆ. ಮೊದಲ ಪೀಳಿಗೆಯ ಚಾವಣಿಯಲ್ಲಿ ಜಿಪ್ ಬಿಚ್ಚಿ ಮಲಗಿಸುವ ಪ್ಲಾಸ್ಟಿಕ್ ಕಿಟಕಿಯಿತ್ತು. ಎರಡನೆಯ ಪೀಳಿಗೆಗೆ ಗಾಜು ಬಂತು. ಚಾವಣಿ ಮಡಿಸಿದಾಗ ಗಾಜಿಗೆ ಬೇಕಾಗುವ ಜಾಗವೇ ಬೇರೆ. ಪ್ಲಾಸ್ಟಿಕ್ ಕಿಟಕಿಗೆಂದು ಮಾಡಿದ ಕಮಾನಿನ ಮೇಲೆ ಗಾಜಿನ ಚಾವಣಿ ಹಾಕಿಸಿ, ಮೊದಲ ಸಲ ಮಡಿಸಿದಾಗಲೇ ಗಾಜು ಓರೆ ಕೊಳವೆಗೆ ತಾಗಿ ಒಡೆದ ಉದಾಹರಣೆಗಳುಂಟು. ಗಟ್ಟಿ ಚಾವಣಿ ಹಾಕುವವರು ಅದರ ಒಳಮೈಗೂ ಕಮಾನಿಗೂ ಅಂತರ ಇದೆಯೇ ಎಂಬುದನ್ನು ಬೇರೆಯಾಗಿ ನೋಡಬೇಕು.

ಒಂದು ಕಮಾನು ತೆಗೆದು ಇನ್ನೊಂದು ಹಾಕುವಾಗ ಹಳೆಯ ತೂತುಗಳು ಹೊಸದಕ್ಕೆ ಹೊಂದುವುದಿಲ್ಲವೆಂದೇ ಎಣಿಸಬೇಕು. ತಯಾರಕರು ಬೇರೆಯಾದರೆ ಬುಡದ ಪ್ಲೇಟಿನ ಆಕಾರವೂ ಬೇರೆ. ಹೊಸ ತೂತು ಹಳೆಯದರ ಪಕ್ಕದಲ್ಲೇ ಅಥವಾ ಅದನ್ನು ಕತ್ತರಿಸುವಂತೆ ಬಂದರೆ ಆ ಜಾಗದ ತಗಡು ಜಾಲರಿಯಾಗುತ್ತದೆ. ಹಳೆಯ ತೂತಿಗೆ ತಗಡಿನ ಬಿಲ್ಲೆ ಬೆಸೆದು ಮುಚ್ಚಿ, ಬಣ್ಣ ಬಳಿದು, ನಂತರ ಹೊಸದನ್ನು ಕೊರೆಯುವುದೇ ಸರಿ. ಸಿಲಿಕೋನ್ ತುಂಬಿ ಮುಚ್ಚುವುದು ನೀರನ್ನಷ್ಟೇ ತಡೆಯುತ್ತದೆ. ಒಳಗೆ ನೈಲಾನ್ ಬಳೆಯಿರುವ ಹಳೆಯ ನೈಲಾಕ್ ನಟ್ಟುಗಳನ್ನು ಮತ್ತೆ ಬಳಸಬಾರದು.

ಎಲಿಸ್ ಮತ್ತು ಸೆವೆನ್

1996ರಲ್ಲಿ ಬಂದ ಲೋಟಸ್ ಎಲಿಸ್ ಬೇರೆ ಬಗೆಯ ಕಾರು. ಅದರ ಚಾಸಿ ಅಲ್ಯೂಮಿನಿಯಂ ಪಟ್ಟಿಗಳನ್ನು ಎಪಾಕ್ಸಿ ಅಂಟಿನಿಂದ ಜೋಡಿಸಿ ಮಾಡಿದ್ದು; ಬರೀ 68 ಕೆ.ಜಿ. ತೂಗುತ್ತದೆ. ಉಕ್ಕಿನ ಕಮಾನು ಕಾರ್ಖಾನೆಯಿಂದಲೇ ಇರುತ್ತದೆ, ಸೀಟ್ ಬೆಲ್ಟುಗಳೂ ಅದಕ್ಕೇ ಕಟ್ಟಿಕೊಂಡಿವೆ. ಇಲ್ಲಿ ಬೆಸುಗೆ ಹಚ್ಚುವ ಮಾತೇ ಇಲ್ಲ: ಶಾಖಕ್ಕೆ ಅಂಟು ಸೋಲುತ್ತದೆ, ಅಲ್ಯೂಮಿನಿಯಂ ಮೆತ್ತಗಾಗುತ್ತದೆ. ರೇಸಿಗೆ ಇಳಿಸುವವರು ಮೂಲದ ಕಮಾನನ್ನು ಬಿಚ್ಚಿ, ಅದೇ ಬೋಲ್ಟಿನ ಬಿಂದುಗಳಿಗೆ ಕೂರುವ ಕೇಜ್ ಹಾಕಿಸುತ್ತಾರೆ. ಉಕ್ಕು ಅಲ್ಯೂಮಿನಿಯಂಗೆ ತಾಗುವ ಕಡೆ ತೇವ ಸೇರಿದರೆ ಅಲ್ಯೂಮಿನಿಯಂ ಕೊರೆದುಹೋಗುವುದರಿಂದ ನಡುವೆ ಲೇಪ ಅಥವಾ ತೆಳು ಪದರ ಬೇಕು.

ಕಾಲಿನ್ ಚಾಪ್ಮನ್ 1957ರಲ್ಲಿ ರೂಪಿಸಿದ ಲೋಟಸ್ ಸೆವೆನ್ ಕಾರಿನ ಹಕ್ಕು 1973ರಲ್ಲಿ ಕೇಟರ್‌ಹ್ಯಾಮ್ ಕಂಪನಿಗೆ ಬಂತು. ಕೊಳವೆಗಳ ಚೌಕಟ್ಟೇ ಮೈಯಾಗಿರುವ ಈ ಕಾರಿನಲ್ಲಿ ಕಮಾನು ನೇರವಾಗಿ ಚೌಕಟ್ಟಿನ ಮೇಲೆ ನಿಲ್ಲುತ್ತದೆ, ತೆಳು ತಗಡಿನ ಸಮಸ್ಯೆ ಕಡಿಮೆ. ರಸ್ತೆಗೆ ಬರುವ ತಗ್ಗು ಕಮಾನಿನ ಬದಲು ಟ್ರ್ಯಾಕ್ ಡೇ ಬಾರ್ ಎಂಬ ಎತ್ತರದ ಕಮಾನು ಹಾಕಿಸುವುದು ಇದರ ಒಡೆಯರಲ್ಲಿ ಸಾಮಾನ್ಯ. ಕಮಾನಿನ ನೆತ್ತಿಯಿಂದ ಪಕ್ಕದ ಸೀಟಿನ ಕಾಲಿನ ಕಡೆಗೆ ಇಳಿಯುವ ಪೆಟಿ ಸ್ಟ್ರಟ್ ಎಂಬ ಮುಂದಿನ ಆಸರೆಯನ್ನೂ ರೇಸಿನಲ್ಲಿ ಸೇರಿಸುತ್ತಾರೆ. ಅದನ್ನು ಹಾಕಿದ ಮೇಲೆ ಪಕ್ಕದಲ್ಲಿ ಯಾರೂ ಕೂರುವಂತಿಲ್ಲ.

ಭಾರತದಲ್ಲಿ

ಮಜ್ದಾ ಕಾರುಗಳ ಮಾರಾಟ ಭಾರತದಲ್ಲಿಲ್ಲ, ಆದ್ದರಿಂದ ಎಂಎಕ್ಸ್-5 ಇಲ್ಲಿನ ರಸ್ತೆಗಳಲ್ಲಿ ಅಪರೂಪ. ನೋಂದಣಿ ಪತ್ರದಲ್ಲಿ ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. ರಸ್ತೆಯ ಕಾರಿಗೆ ಕಮಾನು ಹಾಕಿಸುವ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದು ಅಗತ್ಯ. ಸ್ಪರ್ಧೆಯ ಕಾರುಗಳಿಗೆ ಎಫ್ಎಂಎಸ್‌ಸಿಐ ಒಕ್ಕೂಟದ ನಿಯಮ ಅನ್ವಯಿಸುತ್ತದೆ. ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಮತ್ತು ಕೊಯಮತ್ತೂರಿನ ಕರಿ ಟ್ರ್ಯಾಕುಗಳಲ್ಲಿ ಓಡುವ ಎಲ್‌ಜಿಬಿ ಫಾರ್ಮುಲಾ 4 ಕಾರುಗಳಲ್ಲಿ ಚಾಲಕನ ಹಿಂದೆ ಕಮಾನಿದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ಓಡುವ ರ್‍ಯಾಲಿ ಕಾರುಗಳಲ್ಲಿ ಪೂರ್ಣ ಕೇಜ್ ಇರುತ್ತದೆ.

ಹಳೆಯ ಕಮಾನುಗಳು

ಕಮಾನು ಸವೆಯುವ ವಸ್ತುವಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲಿ ತಪ್ಪಿಲ್ಲ. ಅದು ಯಾವ ಕಾರಿನಿಂದ ಬಂದದ್ದು, ಆ ಕಾರಿಗೆ ಏನಾಗಿತ್ತು ಎಂಬುದನ್ನು ಕೇಳಬೇಕು. ನೆತ್ತಿಯ ಬಣ್ಣ ಕೆರೆದಿದ್ದರೆ, ಹೊಸ ಬಣ್ಣದ ಅಡಿಯಲ್ಲಿ ತಗ್ಗುಗಳು ಕೈಗೆ ಸಿಕ್ಕರೆ, ನಾಲ್ಕು ಬುಡಗಳನ್ನು ಸಮತಟ್ಟು ನೆಲದ ಮೇಲೆ ಕಾರಿನ ಅಳತೆಗೆ ತಾಳೆ ನೋಡಿದಾಗ ಒಂದು ಓರೆಯಾಗಿದ್ದರೆ ಕೊಳ್ಳಬಾರದು. ಒಮ್ಮೆ ಕಾರಿನ ಭಾರ ಹೊತ್ತು ಬಾಗಿದ ಕಮಾನನ್ನು ಬಿಸಿ ಮಾಡಿಯೋ ಜಾಕ್ ಕೊಟ್ಟೋ ನೆಟ್ಟಗೆ ಮಾಡಿ ಮತ್ತೆ ಬಳಸಬಾರದು. ಗುಜರಿಗೆ ಹಾಕಿ ಹೊಸದನ್ನು ತರಬೇಕು, ಅದು ನಿಂತಿದ್ದ ತಗಡನ್ನೂ ಅಡಿಯ ಪ್ಲೇಟುಗಳನ್ನೂ ಬಿಚ್ಚಿ ಪರೀಕ್ಷಿಸಬೇಕು.